ನಾವು ಹತ್ತಿಯನ್ನು ಬೆಳೆಸಿದೆವೋ, ಹತ್ತಿ ನಮ್ಮನ್ನೋ?



ಹೋದ ಸುಗ್ಗಿಯಲ್ಲಿ ಧಾರವಾಡದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಎರೆಹೊಲದ ಬದುವಿನ ಮೇಲೆ ಕುಳಿತಿದ್ದ ಅಜ್ಜನವರೊಬ್ಬರು ಒಡೆದ ಕಾಯಿಯೊಳಗಿನ ಅರಳೆಯನ್ನು ಬೆರಳಿನಿಂದ ಎಳೆಯುತ್ತ ಕೇಳಿದರು: “ಸಾಹೇಬ್ರ, ನಾವು ಹತ್ತೀನ ಬೆಳಸೇವೋ, ಹತ್ತಿ ನಮ್ಮನ್ನ ಬೆಳಸೇತೋ?” ಸುತ್ತಲಿದ್ದವರು ನಕ್ಕರು. ನನಗೆ ಮಾತ್ರ ಆಗ ಉತ್ತರ ಹೊಳೆಯಲಿಲ್ಲ. ಈ ಹೊತ್ತು ಆ ಉತ್ತರವನ್ನೇ ನಿಮ್ಮ ಮುಂದೆ ಇಡುತ್ತೇನೆ, ಕೇಳಿರಿ.

ಕಾಡುಹತ್ತಿ ಎಂಬುದು ವರ್ಷವರ್ಷವೂ ನಿಲ್ಲುವ ಪೊದೆ. ಅದರ ಬೀಜ ಸಣ್ಣದು, ಸಿಪ್ಪೆ ಗಟ್ಟಿ, ಬೀಜದ ಮೇಲಿನ ಕೂದಲು ಗಿಡ್ಡ. ಗಿಡಕ್ಕೆ ಬೇಕಾದುದು ಬೀಜ. ಮನುಷ್ಯನಿಗೆ ಬೇಕಾದುದು ಆ ಕೂದಲು. ಎಳೆ ತುಸು ಉದ್ದವಾಗಿ, ಬೆಳ್ಳಗೆ ಇದ್ದ ಕಾಯಿಯನ್ನು ಕಂಡವರು ಅದರ ಬೀಜವನ್ನೇ ಮುಂದಿನ ಬಿತ್ತನೆಗೆ ಎತ್ತಿಟ್ಟರು. ಹೀಗೆ ಸಾವಿರಾರು ವರ್ಷ ನಡೆಯಿತು. ಪೊದೆ ಹೋಗಿ ಒಂದು ವರ್ಷದ ಪೈರಾಯಿತು. ಗಿಡ್ಡ ಕೂದಲು ನೂಲುವ ಅರಳೆಯಾಯಿತು. ಏಷ್ಯಾ-ಆಫ್ರಿಕಾ ಕಡೆಯ ಎರಡು ಜಾತಿ, ಅಮೆರಿಕ ಖಂಡದ ಎರಡು ಜಾತಿ, ಹೀಗೆ ನಾಲ್ಕು ಹತ್ತಿಗಳನ್ನು ಬೇರೆ ಬೇರೆ ಜನ, ಒಬ್ಬರ ಸುದ್ದಿ ಒಬ್ಬರಿಗೆ ಇಲ್ಲದೆಯೇ ಸಾಕಿದರು. ಸಿಂಧೂ ಕಣಿವೆಯ ಮೊಹೆಂಜೊದಾರೊದಲ್ಲಿ 4,000 ವರ್ಷಕ್ಕೂ ಹಿಂದಿನ ಹತ್ತಿ ಬಟ್ಟೆಯ ತುಣುಕು ಸಿಕ್ಕಿದೆ.

ನಮ್ಮ ಕರಿನೆಲದ ಜವಾರಿ ಹತ್ತಿ ಆ ಹಳೆಯ ವಂಶದ್ದೇ. ಬೇರು ಆಳಕ್ಕೆ ಇಳಿಯುತ್ತದೆ, ಹಿಂಗಾರಿಯ ಹಸಿಯಲ್ಲೇ ಬೆಳೆದು ಕಾಯಿ ಕಟ್ಟುತ್ತದೆ, ರೋಗಕ್ಕೆ ಬೇಗ ಬಗ್ಗುವುದಿಲ್ಲ. ಎಳೆ ಮಾತ್ರ ಗಿಡ್ಡ. ನಮ್ಮ ಹೆಣ್ಣುಮಕ್ಕಳು ಕಲ್ಲಿನ ಮೇಲೆ ಕಬ್ಬಿಣದ ಉರುಳೆಯಿಟ್ಟು, ಕಾಲಿನಿಂದ ಹೊರಳಿಸಿ ಬೀಜ ಬೇರೆ ಮಾಡುತ್ತಿದ್ದರು. ಅರಳೆ ಬಂಡಿಯೇರಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಆದುದರಿಂದಲೇ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದು ಹೆಸರು.

ಇಂಗ್ಲೆಂಡಿನ ಗಿರಣಿಗಳಿಗೆ ಈ ಗಿಡ್ಡ ಎಳೆ ಸಾಲಲಿಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜವನ್ನು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿದರು. ಇಲ್ಲಿ ಒಂದು ಮಾತು ಗಮನಿಸಿರಿ. ಆ ಹತ್ತಿಯಲ್ಲಿ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿರುತ್ತದೆ. ನಮ್ಮ ಕಾಲಿನ ಉರುಳೆಗೆ ಅದು ಜಗ್ಗಲಿಲ್ಲ. ಗರಗಸದ ಹಲ್ಲಿನ ಜಿನ್ನು ಬೇಕಾಯಿತು. ಅದನ್ನು ಮಾಡಿಕೊಡಲು ಧಾರವಾಡದಲ್ಲೇ ಕಾರ್ಖಾನೆ ಎದ್ದಿತು. ಹೊಸ ಬೀಜ ಬಂದದ್ದೇ ತಡ, ಅದು ಹೊಸ ಯಂತ್ರ ಕೇಳಿತು ನೋಡಿರಿ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ. ಅಲ್ಲಿಯ ಹತ್ತಿ ನಿಂತಿತು. ಇಲ್ಲಿಯ ಧಾರಣೆ ಏರಿತು. ಕಂಡಕಂಡಲ್ಲಿ ಹತ್ತಿ ಬಿತ್ತಿದರು. ಒಳ್ಳೆಯ ಹತ್ತಿಗೆ ಕೆಟ್ಟದ್ದನ್ನು ಬೆರೆಸುವುದೂ ಹೆಚ್ಚಿತು. ಅದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಯುದ್ಧ ಮುಗಿಯಿತು, ಧಾರಣೆ ಕುಸಿಯಿತು. ದೂರದೇಶದ ಆಸೆಯನ್ನು ನಂಬಿ ಸಾಲ ಮಾಡಿದವರ ಪಾಡು ಏನಾಗಿರಬೇಕು, ನೀವೇ ಯೋಚಿಸಿರಿ.

ಮುಂದೆ 1972ರಲ್ಲಿ ಧಾರವಾಡದ ಡಾ. ಬಿ. ಎಚ್. ಕಟರಕಿಯವರು ‘ವರಲಕ್ಷ್ಮಿ’ ಹತ್ತಿಯನ್ನು ಕೊಟ್ಟರು. ಅಮೆರಿಕದ ಎರಡು ಬೇರೆ ಜಾತಿಗಳನ್ನು ಕೂಡಿಸಿದ ಸಂಕರಣ ಅದು. ತಾಯಿ ‘ಲಕ್ಷ್ಮಿ’ ತಳಿ. ಎಳೆ ಉದ್ದ, ನೂಲು ನಯ, ಇಳುವರಿಯೂ ಹೆಚ್ಚು. ಅನೇಕರ ಮನೆಗೆ ಹಂಚು ಬಿದ್ದದ್ದು ಇಂಥ ಸಂಕರಣ ಹತ್ತಿಯಿಂದ. ಇದನ್ನು ಮರೆಯಬಾರದು. ಆದರೆ ಈ ಗಿಡವೂ ತನ್ನ ಪಾಲು ಕೇಳಿತು. ಸಂಕರಣ ಬೀಜವನ್ನು ಮನೆಯಲ್ಲಿ ಎತ್ತಿಟ್ಟು ಬಿತ್ತಿದರೆ ಮೊದಲಿನ ಬೆಳೆ ಬಾರದು, ವರ್ಷವರ್ಷವೂ ಕೊಳ್ಳಬೇಕು. ಬೀಜ ಮಾಡುವಲ್ಲಿ ಸಂಜೆ ಒಂದೊಂದೇ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಗ್ಗೆ ಪರಾಗ ಸವರಬೇಕು. ಸಣ್ಣ ಬೆರಳೇ ಇದಕ್ಕೆ ಚೆನ್ನ ಅಂತ ಶಾಲೆ ಬಿಡಿಸಿ ಹೆಣ್ಣುಮಕ್ಕಳನ್ನು ಹೊಲಕ್ಕೆ ಕಳಿಸಿದವರೂ ಉಂಟು. ಮೇಲೆ ಗೊಬ್ಬರ, ನೀರು, ಔಷಧಿಯ ಸಿಂಪರಣೆ.

ಸಿಂಪರಣೆಯ ಖರ್ಚು ತಪ್ಪಿಸುವ ಆಸೆಗೆ 2002ರಲ್ಲಿ ಬಿ.ಟಿ. ಹತ್ತಿ ಬಂದಿತು. ಕಾಯಿಕೊರಕದ ಹಾವಳಿ ಮೊದಲು ಇಳಿಯಿತು. ಆದರೆ ಎಲ್ಲ ಹೊಲದಲ್ಲೂ ಅದೇ ಹತ್ತಿಯಾದಾಗ, ಅದನ್ನು ತಿಂದೂ ಬದುಕುವ ಗುಲಾಬಿ ಹುಳು ತಲೆಯೆತ್ತಿತು. ಗುಜರಾತಿನಲ್ಲಿ ಇದು 2010ರಲ್ಲಿಯೇ ಬಯಲಾಯಿತು. ನಾವು ಗಿಡವನ್ನು ಬದಲಿಸಿದೆವು. ಗಿಡ ಹುಳುವನ್ನು ಬದಲಿಸಿತು. ಇತ್ತ ಜವಾರಿ ಹತ್ತಿ ಅಲ್ಲೊಂದು ಇಲ್ಲೊಂದು ಹೊಲಕ್ಕೆ ಇಳಿದಿದೆ.

ಹಾಗಾದರೆ ಹೊಸ ಬೀಜ ಬೇಡವೇ? ಹಾಗಲ್ಲ. ಆಸೆ ತಪ್ಪಲ್ಲ, ಆಸೆಯಿಲ್ಲದಿದ್ದರೆ ಹತ್ತಿ ಇನ್ನೂ ಕಾಡಿನ ಪೊದೆಯೇ. ಬೀಜದ ಅಂಗಡಿಯಲ್ಲಿ ನಾವು “ಎಷ್ಟು ಕ್ವಿಂಟಲ್ ಬರ್ತದ?” ಅಂತ ಒಂದೇ ಪ್ರಶ್ನೆ ಕೇಳುತ್ತೇವೆ. ಇನ್ನೊಂದನ್ನೂ ಕೇಳೋಣ: “ಇದು ನನ್ನಿಂದ ಏನು ಬೇಡ್ತದ?” ನೀರೆಷ್ಟು, ಸಾಲವೆಷ್ಟು, ಮನೆಯವರ ದುಡಿಮೆ ಎಷ್ಟು? ಮನೆಯಾಕೆಯನ್ನೂ ಕೂಡಿಸಿಕೊಂಡು ಲೆಕ್ಕ ಹಾಕಿರಿ. ಬಿ.ಟಿ. ಬಿತ್ತಿದವರು ಬಿ.ಟಿ. ಅಲ್ಲದ ಹತ್ತಿಯನ್ನೂ ತಪ್ಪದೆ ಹಾಕಿರಿ. ಬಿಡಿಸಿದ ಮೇಲೆ ಕಟ್ಟಿಗೆಯನ್ನು ಹೊಲದಲ್ಲಿ ನಿಲ್ಲಗೊಡಬೇಡಿರಿ. ಗುಲಾಬಿ ಹುಳುವಿಗೆ ಅದೇ ಮನೆ. ಮಳೆಯನ್ನೇ ನಂಬಿದ ಎರೆಹೊಲವಿದ್ದರೆ, ಧಾರವಾಡದ ‘ಜಯಧರ’ದಂಥ ಜವಾರಿ ಹತ್ತಿಗೂ ನಾಲ್ಕು ಸಾಲು ಇಡಿರಿ. ಆ ಬೀಜ ನಿಮ್ಮ ಮನೆಯಲ್ಲೇ ಉಳಿಯುತ್ತದೆ.

ಅಜ್ಜನವರಿಗೆ ನನ್ನ ಉತ್ತರ ಇಷ್ಟೆ: ನಾವು ಹತ್ತಿಯನ್ನು ಬೆಳೆಸಿದೆವು, ಹತ್ತಿಯೂ ನಮ್ಮನ್ನು ಬೆಳೆಸಿತು. ಎರಡೂ ನಿಜ. ಬೆಳೆಸುವ ಮುನ್ನ ಲೆಕ್ಕ ಕೇಳುವ ಹಕ್ಕು ಮಾತ್ರ ನಮ್ಮದು.