ಬಿ. ಸಿ. ವೂಲ್ವರ್ಟನ್ ಮತ್ತು ಸಸ್ಯಗಳಿಂದ ಮಾಲಿನ್ಯ ನಿವಾರಣೆ

ಬಿಲ್ ವೂಲ್ವರ್ಟನ್ ಅಮೆರಿಕದ ಪರಿಸರ ವಿಜ್ಞಾನಿ. ಕೊಳಚೆ ನೀರನ್ನೂ ಮುಚ್ಚಿದ ಕಟ್ಟಡದೊಳಗಿನ ಗಾಳಿಯನ್ನೂ ಗಿಡಗಳ ನೆರವಿನಿಂದ ಶುದ್ಧಗೊಳಿಸುವ ಬಗೆಯನ್ನು ನಾಸಾದಲ್ಲಿದ್ದು ಸಂಶೋಧಿಸಿದವರು. ಮನಿಪ್ಲಾಂಟ್ ಮನೆಯ ಗಾಳಿಯನ್ನು ಶುದ್ಧಮಾಡುತ್ತದೆಂದು ನರ್ಸರಿಗಳಲ್ಲಿ ಕೇಳಿಬರುವ ಮಾತು ಹಬ್ಬಿದ್ದು ಬಹುಮಟ್ಟಿಗೆ ಇವರ 1989ರ ವರದಿಯಿಂದ. ಆದರೆ ಆ ವರದಿ ತೋರಿಸಿದ್ದೇ ಬೇರೆ, ಜನಪ್ರಿಯವಾದದ್ದೇ ಬೇರೆ.

ನಾಸಾಕ್ಕೆ ಬರುವ ಮುನ್ನ ವೂಲ್ವರ್ಟನ್ ಅಮೆರಿಕದ ಸೇನೆಗಾಗಿ ಕೆಲಸ ಮಾಡುತ್ತಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಬಳಸಿದ ‘ಏಜೆಂಟ್ ಆರೆಂಜ್’ ಎಂಬ ಕಳೆನಾಶಕವನ್ನು ಫ್ಲಾರಿಡಾದ ಎಗ್ಲಿನ್ ವಾಯುನೆಲೆಯ ಬಳಿ ಪರೀಕ್ಷಿಸಿದಾಗ ಅದು ಸುತ್ತಲಿನ ನೀರಿಗೆ ಸೇರಿತ್ತು. ಜೌಗು ಪ್ರದೇಶದ ಸಸ್ಯಗಳು ಅದನ್ನು ನಿವಾರಿಸುತ್ತಿದ್ದುದು ಅಲ್ಲಿ ಕಂಡುಬಂತು. ಮುಂದಿನ ಕೆಲಸಕ್ಕೆಲ್ಲ ಇದೇ ಬೀಜ.

1970ರ ದಶಕದಲ್ಲಿ ಅವರು ಸೇರಿದ್ದು ಮಿಸಿಸಿಪ್ಪಿ ರಾಜ್ಯದಲ್ಲಿ ರಾಕೆಟ್ ಎಂಜಿನ್‌ಗಳನ್ನು ಪರೀಕ್ಷಿಸುವ ನಾಸಾ ಕೇಂದ್ರವನ್ನು. ಅದು ಈಗಿನ ಸ್ಟೆನಿಸ್ ಬಾಹ್ಯಾಕಾಶ ಕೇಂದ್ರ. ಕೇಂದ್ರದ ಕೊಳಚೆ ನೀರನ್ನು ಶುದ್ಧಗೊಳಿಸಲು ಅವರು ಆರಿಸಿಕೊಂಡ ಗಿಡ ವಾಟರ್ ಹಯಸಿಂತ್, ಅಂದರೆ ನಮ್ಮ ಕೆರೆಗಳನ್ನು ಮುಚ್ಚಿಹಾಕುವ, ನೇರಳೆ ಹೂವಿನ ಅಂತರಗಂಗೆ. ದಕ್ಷಿಣ ಅಮೆರಿಕ ಮೂಲದ ಈ ಕಳೆಯ ಬೇರುಗಳು ನೀರಿನೊಳಗೆ ಜೊಂಪೆಯಾಗಿ ಇಳಿಬಿದ್ದಿರುತ್ತವೆ. ಅಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಸಾವಯವ ಕೊಳೆಯನ್ನು ಒಡೆಯುತ್ತವೆ. ಬಿಡುಗಡೆಯಾದ ಸಾರಜನಕ, ರಂಜಕಗಳನ್ನು ಗಿಡ ಹೀರಿ ಬೆಳೆಯುತ್ತದೆ. ಸೀಸ, ಪಾದರಸ, ಕ್ಯಾಡ್ಮಿಯಂಗಳು ಹೆಚ್ಚಾಗಿ ಬೇರಿನಲ್ಲೇ ಕೂಡಿಕೊಳ್ಳುತ್ತವೆ. ಬೆಳೆದ ಗಿಡವನ್ನು ಆಗಾಗ ಕಿತ್ತು ಹೊರಹಾಕುವುದು ಇಲ್ಲಿ ಮುಖ್ಯ. ನೀರಲ್ಲೇ ಸತ್ತು ಕೊಳೆತರೆ ಹೀರಿದ್ದೆಲ್ಲ ಮರಳಿ ನೀರಿಗೇ ಸೇರುತ್ತದೆ, ಆಮ್ಲಜನಕವೂ ಕುಗ್ಗುತ್ತದೆ. ಕೆರೆ ತುಂಬ ಅಂತರಗಂಗೆ ಹಬ್ಬಿದ್ದರೂ ನೀರು ನಾರುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಕಿತ್ತ ಗಿಡದಿಂದ ಜೈವಿಕ ಅನಿಲ ಪಡೆಯುವ ಪ್ರಯೋಗಗಳನ್ನೂ ವೂಲ್ವರ್ಟನ್ ನಡೆಸಿದರು. ಬೇರು ಮತ್ತು ಸೂಕ್ಷ್ಮಾಣುಗಳ ಈ ಜೊತೆಗಾರಿಕೆಯನ್ನೇ ನೆಚ್ಚಿದ ನಿರ್ಮಿತ ಜೌಗುಗಳು ಇಂದು ಹಲವು ದೇಶಗಳಲ್ಲಿವೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಇಂಥ ಜೌಗನ್ನು ಹಾದು ಕೆರೆ ಸೇರುತ್ತದೆ.

ಗಾಳಿಯ ಪ್ರಶ್ನೆ ಎದ್ದದ್ದು ಬಾಹ್ಯಾಕಾಶದಲ್ಲಿ. 1973ರಲ್ಲಿ ಹಾರಿದ ‘ಸ್ಕೈಲ್ಯಾಬ್’ ನಿಲ್ದಾಣದೊಳಗಿನ ಗಾಳಿಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಆವಿಶೀಲ ಸಾವಯವ ರಾಸಾಯನಿಕಗಳು ಪತ್ತೆಯಾದವು. ಅದೇ ದಶಕದ ಇಂಧನ ಬಿಕ್ಕಟ್ಟಿನಿಂದಾಗಿ ಅಮೆರಿಕದಲ್ಲಿ ಗಾಳಿ ಸುಳಿಯದಂಥ ಬಿಗಿ ಕಟ್ಟಡಗಳು ಹೆಚ್ಚಿ, ಭೂಮಿಯ ಮೇಲೂ ಇದೇ ತೊಂದರೆ ತಲೆದೋರಿತು. ವೂಲ್ವರ್ಟನ್ ಮತ್ತು ಸಂಗಡಿಗರು ಕುಂಡದ ಗಿಡಗಳನ್ನು ಗಾಳಿಯಾಡದ ಪಾರದರ್ಶಕ ಪೆಟ್ಟಿಗೆಗಳಲ್ಲಿಟ್ಟು, ಬೆಂಜೀನ್, ಟ್ರೈಕ್ಲೋರೋಎಥಿಲೀನ್, ಫಾರ್ಮಾಲ್ಡಿಹೈಡ್‌ಗಳನ್ನು ಸೇರಿಸಿ, 24 ಗಂಟೆಗಳಲ್ಲಿ ಎಷ್ಟು ಇಳಿಯುತ್ತದೆಂದು ಅಳೆದರು. ಉದ್ಯಾನ ನಿರ್ಮಾಣ ಗುತ್ತಿಗೆದಾರರ ಸಂಘವೊಂದರ ಸಹಯೋಗದಲ್ಲಿ ನಡೆದ ಈ ಪರೀಕ್ಷೆಯಲ್ಲಿ ಪೀಸ್ ಲಿಲಿ, ಸೇವಂತಿಗೆ, ಜೆರ್ಬೆರಾ, ಡ್ರಸೀನಾ ಮುಂತಾದವು ಇದ್ದವು.

ಇದನ್ನು ದಾಖಲಿಸಿದ 1989ರ ಆ ವರದಿಯಲ್ಲಿ ಅತ್ಯಂತ ಮಹತ್ವದ್ದು ಎಲೆ ಕತ್ತರಿಸಿ ಮಾಡಿದ ಪರೀಕ್ಷೆ. ಎಲೆಗಳನ್ನೆಲ್ಲ ತೆಗೆದ ಮೇಲೂ ಕುಂಡದ ಬೇರು ಮತ್ತು ಮಣ್ಣು ಬೆಂಜೀನನ್ನು ಇಳಿಸುತ್ತಿದ್ದವು. ಕೆಲಸ ಬಹುಪಾಲು ನಡೆಯುತ್ತಿದ್ದುದು ನೀರಿನಲ್ಲಿ ನಡೆದಂತೆಯೇ ಬೇರಿನ ಸುತ್ತ. ಅದಕ್ಕಾಗಿ ಕಲುಷಿತ ಗಾಳಿಯನ್ನು ಫ್ಯಾನ್ ಮೂಲಕ ಬೇರು ಮತ್ತು ಸಕ್ರಿಯ ಇದ್ದಿಲಿನ ಪದರಕ್ಕೆ ಹಾಯಿಸುವ ಕುಂಡವನ್ನು ಅವರು ರೂಪಿಸಿದರು. ಮಾಧ್ಯಮಗಳು ಫ್ಯಾನನ್ನೂ ಇದ್ದಿಲನ್ನೂ ಕೈಬಿಟ್ಟು ಗಿಡಗಳ ಪಟ್ಟಿಯನ್ನಷ್ಟೇ ಉಳಿಸಿಕೊಂಡದ್ದು ಈ ಸಂಶೋಧನೆಗೆ ಆದ ಅನ್ಯಾಯ.

ಮುಚ್ಚಿದ ಪೆಟ್ಟಿಗೆಯ ಫಲಿತಾಂಶ ಮನೆಗೆ ನೇರವಾಗಿ ಹೊಂದುವುದಿಲ್ಲ. ಬಾಗಿಲು, ಕಿಟಕಿ, ಬಿರುಕುಗಳಿಂದ ಗಾಳಿ ಬದಲಾಗುತ್ತಲೇ ಇರುತ್ತದೆ. ಪೀಠೋಪಕರಣ, ಬಣ್ಣಗಳಿಂದ ರಾಸಾಯನಿಕವೂ ಒಸರುತ್ತಲೇ ಇರುತ್ತದೆ. ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಬ್ರಯಾನ್ ಕಮಿಂಗ್ಸ್ ಮತ್ತು ಮೈಕೆಲ್ ವಾರಿಂಗ್ 2019ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ 12 ಅಧ್ಯಯನಗಳ 196 ಫಲಿತಾಂಶಗಳನ್ನು ಒಂದೇ ಅಳತೆಗೆ ತಂದರು. ಕಟ್ಟಡದಲ್ಲಿ ಸಹಜವಾಗಿ ನಡೆಯುವ ಗಾಳಿಯ ವಿನಿಮಯಕ್ಕೆ ಸಾಟಿಯಾಗಲು ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕೆಂದು ಅವರ ಲೆಕ್ಕ. ಬೇರಿನ ಮೂಲಕ ಗಾಳಿಯನ್ನು ಬಲವಂತವಾಗಿ ಹಾಯಿಸುವ ವ್ಯವಸ್ಥೆಗಳಿಗೆ ಈ ಲೆಕ್ಕ ಅನ್ವಯಿಸದು. 1990ರಲ್ಲಿ ನಾಸಾದಿಂದ ನಿವೃತ್ತರಾದ ವೂಲ್ವರ್ಟನ್ ತಮ್ಮದೇ ಸಂಸ್ಥೆ ಕಟ್ಟಿ ಮುಂದುವರಿಸಿದ್ದು ಇಂಥ ಕುಂಡಗಳ ಕೆಲಸವನ್ನೇ.