ತೆಂಗಿನ ಸೀಮೆಯ ಪಕ್ಕದ ಕೆಂಪು ವೈನ್

ತುಮಕೂರಿನಿಂದ ದಾಬಸ್‌ಪೇಟೆ ದಾಟಿ ದೊಡ್ಡಬಳ್ಳಾಪುರದ ಕಡೆ ಹೊರಟರೆ ತೆಂಗು, ಅಡಿಕೆ ತೋಟಗಳು ವಿರಳವಾಗುತ್ತ ಹೋಗಿ ದ್ರಾಕ್ಷಿ ಚಪ್ಪರಗಳು ಕಾಣತೊಡಗುತ್ತವೆ. ಎತ್ತರದಲ್ಲಿ ಅಂಥ ವ್ಯತ್ಯಾಸವೇನಿಲ್ಲ; ತುಮಕೂರು, ದೊಡ್ಡಬಳ್ಳಾಪುರ ಎರಡೂ ಸಮುದ್ರಮಟ್ಟದಿಂದ ಎಂಟುನೂರು ಮೀಟರ್‌ಗಿಂತ ಮೇಲಿವೆ. ಕೆಂಪು ಮಣ್ಣೂ ಎರಡೂ ಕಡೆ ಇದೆ. ಆದರೂ ಕರ್ನಾಟಕದ ಕೆಂಪು ವೈನ್ ಹೆಸರು ಮಾಡಿದ್ದು ನಂದಿಬೆಟ್ಟದ ಬುಡದಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್‌ಗಳಲ್ಲಲ್ಲ.

ಈ ಸೀಮೆಯಲ್ಲಿ ಮೊದಲು ನೆಲೆ ಕಂಡ ತಳಿ ಬೆಂಗಳೂರು ನೀಲಿ. ನಮ್ಮ ಸಂತೆಯಲ್ಲಿ ಬೀಜದ ಕಪ್ಪು ದ್ರಾಕ್ಷಿ ಎಂದು ತೂಗಿ ಕೊಡುವುದು ಇದನ್ನೇ. ಹಣ್ಣನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಗೋಲಿಯಂತೆ ಜಾರಿ ಹೊರಬರುತ್ತದೆ. ಅದು ಅಮೆರಿಕದ ಲಬ್ರಸ್ಕಾ ದ್ರಾಕ್ಷಿಯ ಗುಣ. ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ರೈತನಿಗೆ ಇಷ್ಟವಾಗಲು ಇಷ್ಟು ಸಾಕು. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ಬೆಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿ ಹಾಕಿ ಭರಣಿಯಲ್ಲಿ ಹುದುಗಿಸುವ ಸಿಹಿ ವೈನ್‌ಗೂ ಇದೇ ಹಣ್ಣು. ಆದರೆ ಊಟದ ಜೊತೆ ಕುಡಿಯುವ ಒಗರಾದ ಕೆಂಪು ವೈನ್‌ಗೆ ಇದು ಒಗ್ಗಲಿಲ್ಲ. ಇದರ ಗಾಢ ಪರಿಮಳ ಜಾಮಿಗೆ, ಜ್ಯೂಸಿಗೆ ಸೊಗಸು. ಸೀಸೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಮೊಂಡು.

ತಿರುವು ಬಂದದ್ದು ಕನ್ವಲ್ ಗ್ರೋವರ್ ಅವರಿಂದ. ಫ್ರಾನ್ಸಿನಿಂದ ಯಂತ್ರೋಪಕರಣ ತರಿಸುತ್ತಿದ್ದ ಈ ಮುಂಬೈ ವ್ಯಾಪಾರಿ, ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು 1988ರಲ್ಲಿ ದೊಡ್ಡಬಳ್ಳಾಪುರದಲ್ಲಿ ಕಂಪನಿ ಕಟ್ಟಿದರು. ಫ್ರೆಂಚ್ ತಳಿಗಳನ್ನು ನೆಟ್ಟು ಮೊದಲ ವೈನ್ ಹೊರತಂದದ್ದು 1992ರಲ್ಲಿ. ಮುಂದೆ ಬೋರ್ಡೋದ ಮಿಶೆಲ್ ರೊಲಾನ್ ಸಲಹೆಗಾರರಾದರು. ಕ್ಯಾಬರ್ನೆ ಸೋವಿನ್ಯೋನ್ ಮತ್ತು ಶಿರಾಜ್ ಬೆರೆಸಿದ 'ಲಾ ರಿಸರ್ವ್' ಅವರ ಕೈಯಲ್ಲಿ ಹದಗೊಂಡಿತು. 2005ರಲ್ಲಿ ಇಂಗ್ಲೆಂಡಿನ 'ಡಿಕ್ಯಾಂಟರ್' ಪತ್ರಿಕೆಯಲ್ಲಿ ಸ್ಟೀವನ್ ಸ್ಪರಿಯರ್ ಅದನ್ನು ಮೆಚ್ಚಿ ಬರೆದ ಮೇಲೆ ಬೆಂಗಳೂರಿನವರೂ ಅದರ ಕಡೆ ತಿರುಗಿ ನೋಡಿದರು. ಹೊರಗಿನವರು ಭೇಷ್ ಎಂದ ಮೇಲೆ ತಾನೆ ನಮ್ಮದು ನಮಗೆ ಕಾಣುವುದು! 2012ರಲ್ಲಿ ಕಂಪನಿ ನಾಸಿಕ್‌ನ ಝಂಪಾ ಜೊತೆ ಸೇರಿ ಗ್ರೋವರ್ ಝಂಪಾ ಆಯಿತು.

ನಿಜವಾದ ಪವಾಡ ಹೊಗಳಿಕೆಯದ್ದಲ್ಲ, ಕತ್ತರಿಯದ್ದು. ಫ್ರಾನ್ಸಿನಲ್ಲೂ ಆಸ್ಟ್ರೇಲಿಯಾದಲ್ಲೂ ಚಳಿಗಾಲ ಬಂತೆಂದರೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. 13 ಡಿಗ್ರಿ ಅಕ್ಷಾಂಶದ ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ಎರಡು ಬಾರಿ ಚಾಟನಿ: ಬೇಸಿಗೆ ಕೊಯ್ಲಾದ ಮೇಲೆ ಒಮ್ಮೆ ಸವರಿ ಹೊಸ ಕಡ್ಡಿ ಬೆಳೆಸುತ್ತಾರೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಇನ್ನೊಮ್ಮೆ ಸವರಿದರೆ ಹೂ, ಕಾಯಿ. ಫೆಬ್ರುವರಿ, ಮಾರ್ಚ್‌ನ ಒಣ ಹಗಲು, ತಂಪು ರಾತ್ರಿಯಲ್ಲಿ ಹಣ್ಣು ಮಾಗುತ್ತದೆ. ಸವರುವುದು ಎರಡು ಸಲ, ಕೊಯ್ಲು ಒಂದೇ ಸಲ. ಬಣ್ಣವೂ ಒಗರೂ ಸಿಪ್ಪೆಯಲ್ಲಿರುವುದರಿಂದ ಕೆಂಪು ವೈನ್‌ನಲ್ಲಿ ರಸವನ್ನು ಸಿಪ್ಪೆ ಸಮೇತ ಹುದುಗಿಸುತ್ತಾರೆ. ಹುದುಗುವಾಗ ಮೇಲೆದ್ದು ಗಟ್ಟಿ ಪದರವಾಗುವ ಸಿಪ್ಪೆಯನ್ನು ದಿನಕ್ಕೆ ಹಲವು ಬಾರಿ ಕೆಳಗೆ ಒತ್ತದಿದ್ದರೆ ಇಡೀ ತೊಟ್ಟಿಯೇ ಹುಳಿ ತಿರುಗುತ್ತದೆ.

ಸರ್ಕಾರ ಕಣ್ಣು ತೆರೆದದ್ದು 2007ರಲ್ಲಿ, ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದಾಗ. ವೈನ್‌ಗೆಂದೇ ಒಂದು ಮಂಡಳಿ ಬಂತು, ವೈನ್ ಮಾತ್ರ ಮಾರುವ ಅಂಗಡಿಗಳಿಗೆ ಪರವಾನಗಿ ಸಿಕ್ಕಿತು. ಅದೇ ವರ್ಷ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಬಡವನ ಪ್ಯಾಕೆಟ್ ಮುಚ್ಚಿ ಉಳ್ಳವನ ಸೀಸೆಗೆ ಬಾಗಿಲು ತೆರೆದ ವರ್ಷ ಎಂದರೆ ತಪ್ಪೇನಿಲ್ಲ. ನೀತಿಯ ಬೆನ್ನಿಗೆ ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಮಾ, ನಂದಿಯ ಬಳಿ ಎಸ್‌ಡಿಯು ವೈನರಿಗಳು ಎದ್ದುವು. ಕುಣಿಗಲ್‌ಗೆ ದೂರವೇನಲ್ಲದ ಚನ್ನಪಟ್ಟಣದ ಹೆರಿಟೇಜ್ ವೈನರಿಯನ್ನು ನಾಸಿಕ್‌ನ ಸುಲಾ ಕೊಂಡಿತು. ಕುಣಿಗಲ್ಲಿಗೂ ಈ ಲೋಕದ ನಂಟು ಇಲ್ಲದಿಲ್ಲ. ಅಲ್ಲಿನ ಹೆಸರಾಂತ ಕುದುರೆ ಫಾರಂ 1992ರಲ್ಲಿ ವಿಜಯ್ ಮಲ್ಯರ ಯುಬಿ ಸಮೂಹಕ್ಕೆ ಗುತ್ತಿಗೆಗೆ ಹೋಯಿತು. ಅದೇ ಸಮೂಹ ವೈನ್ ಮಾಡಲು ಹೊರಟಾಗ ತೋಟ ಹಾಕಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ಕುದುರೆ ನಮಗೆ, ದ್ರಾಕ್ಷಿ ಅವರಿಗೆ.

ಈಗ ಪೈಪೋಟಿ ಆಸ್ಟ್ರೇಲಿಯಾದಿಂದ. ಜೇಮ್ಸ್ ಬಸ್ಬಿ 1832ರಲ್ಲಿ ಯುರೋಪಿನಿಂದ ಅಲ್ಲಿಗೆ ದ್ರಾಕ್ಷಿ ಕಡ್ಡಿಗಳನ್ನು ಒಯ್ದ. ಬರೋಸಾ ಕಣಿವೆಯ ಜೇಕಬ್ಸ್ ಕ್ರೀಕ್ ಎಂಬ ತೊರೆಯ ದಡದಲ್ಲಿ ಯೋಹಾನ್ ಗ್ರಾಂಪ್ 1847ರಲ್ಲಿ ತೋಟ ಹಾಕಿದ. ಯುರೋಪಿನ ತೋಟಗಳನ್ನು ನುಂಗಿದ ಫಿಲಾಕ್ಸೆರಾ ಎಂಬ ಬೇರುಹೇನು ದಕ್ಷಿಣ ಆಸ್ಟ್ರೇಲಿಯಾವನ್ನು ಮುಟ್ಟದ್ದರಿಂದ ಅಲ್ಲಿ 1840ರ ದಶಕದ ಶಿರಾಜ್ ಬಳ್ಳಿಗಳು ಇಂದಿಗೂ ಹಣ್ಣು ಬಿಡುತ್ತಿವೆ. ನಮ್ಮ ಅತಿ ಹಳೆಯ ಶಿರಾಜ್ ತೋಟಕ್ಕೆ ಇನ್ನೂ ಅರ್ಧ ಶತಮಾನ ತುಂಬಿಲ್ಲ. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ಒಪ್ಪಂದದಂತೆ, 5 ಡಾಲರ್ ಮೇಲ್ಪಟ್ಟ ಸೀಸೆಯ ಸುಂಕ ಶೇ. 150ರಿಂದ ಕೂಡಲೇ 100ಕ್ಕೆ ಇಳಿಯಿತು, ಹತ್ತು ವರ್ಷದಲ್ಲಿ 50ಕ್ಕೆ ಬರುತ್ತದೆ. 15 ಡಾಲರ್ ಮೇಲ್ಪಟ್ಟದ್ದಕ್ಕೆ ಕೂಡಲೇ 75, ಮುಂದೆ 25. ನಮ್ಮ ಒಳ್ಳೆಯ ಕೆಂಪು ವೈನ್‌ಗಳು ನಿಲ್ಲಬೇಕಾದದ್ದು ಈ ಸಾಲಿನ ಎದುರೇ. ತುಮಕೂರಿನ ಅಂಗಡಿಗಳಲ್ಲಂತೂ ವೈನ್ ಇನ್ನೂ ಮೂಲೆಯ ಸರಕು. ಬೇಸಿಗೆಯ ಸೆಕೆಯಲ್ಲಿ ಕಪಾಟಿನಲ್ಲಿ ನಿಂತೇ ಬೆಂದ ಸೀಸೆಯ ರುಚಿ ಕೆಟ್ಟರೆ ದೂರು ತೋಟದ ಮೇಲೆ ಬರುತ್ತದೆ.

ಹಾಗಾದರೆ ಗುಬ್ಬಿಯಲ್ಲಿ ದ್ರಾಕ್ಷಿ ಏಕೆ ಬೇರೂರಲಿಲ್ಲ? ಹೇಮಾವತಿ ನಾಲೆ, ಕೆರೆಗಳು, ತಲೆಮಾರಿನ ತೋಟ ಎಲ್ಲವೂ ಕಾರಣವೇ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಉಂಡೆ ಕೊಬ್ಬರಿ ಮಾಡುವವನು ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇಡುತ್ತಾನೆ. ತಿಪಟೂರಿನಲ್ಲಿ ದರ ಬಿದ್ದರೆ ಇನ್ನಷ್ಟು ದಿನ ಕಾಯುತ್ತಾನೆ. ಅಡಿಕೆಯೂ ಚೀಲದಲ್ಲಿ ಕಾಯುತ್ತದೆ. ಶಿರಾಜ್ ಕಾಯುವುದಿಲ್ಲ. ಬೆಳಗಿನ ತಂಪಿನಲ್ಲಿ ಕೊಯ್ದದ್ದು ಅಂದೇ ವೈನರಿ ಸೇರಬೇಕು. ಕಾಳು ಸಣ್ಣದು, ಸಿಪ್ಪೆ ದಪ್ಪ, ಬೀಜ ಹೆಚ್ಚು. ತಿನ್ನುವ ಹಣ್ಣೆಂದು ಸಂತೆಗೆ ಇಳಿಸಿದರೆ ಮೂಸುವವರಿಲ್ಲ. ವೈನರಿಯವರು ಬೇಡ ಎಂದರೆ ಮುಗಿಯಿತು. ಬೆಂಗಳೂರು ನೀಲಿ ಬೆಳೆದವನಿಗಾದರೆ ಮಾರುಕಟ್ಟೆಯ ಇನ್ನೊಂದು ಬಾಗಿಲಾದರೂ ತೆರೆದಿರುತ್ತದೆ.

ನಂದಿಬೆಟ್ಟದ ಯಶಸ್ಸು ಕಂಡು ಅಡಿಕೆ ಕಿತ್ತು ವೈನ್ ದ್ರಾಕ್ಷಿ ಹಾಕೋಣವೇ ಎಂದು ಕೇಳುವ ಗುಬ್ಬಿ, ಕುಣಿಗಲ್ ರೈತರಿಗೆ ಹೇಳುವುದಿಷ್ಟೆ: ಮಣ್ಣು ಪರೀಕ್ಷೆಗೆ ಮೊದಲು ಕರಾರುಪತ್ರ ನೋಡಿ. ದರ, ಸಕ್ಕರೆ ಅಂಶದ ಮಿತಿ, ಹಣ ಕೊಡುವ ಗಡುವು, ಹಣ್ಣು ನಿರಾಕರಿಸಿದರೆ ಪರಿಹಾರ ಇವಿಷ್ಟೂ ಕಾಗದದ ಮೇಲೆ ಬರುವವರೆಗೆ ಒಂದು ಕಡ್ಡಿಯನ್ನೂ ನೆಡಬೇಡಿ.