ರಾಮದೇವರಬೆಟ್ಟದ ರಣಹದ್ದುಗಳು

ರಾಮದೇವರಬೆಟ್ಟವು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದಲ್ಲಿ, ರಾಮನಗರ ಪಟ್ಟಣದ ಮಗ್ಗುಲಿಗೆ ಎದ್ದು ನಿಂತಿರುವ ಶಿಲಾಪರ್ವತ. ಇದರ ಸುತ್ತಲಿನ 346.14 ಹೆಕ್ಟೇರು ಅರಣ್ಯವನ್ನು ಕರ್ನಾಟಕ ಸರ್ಕಾರವು 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಿತು. ಈ ಪಕ್ಷಿಜಾತಿಯ ರಕ್ಷಣೆಯನ್ನೇ ಮುಖ್ಯೋದ್ದೇಶವಾಗಿ ಇಟ್ಟುಕೊಂಡು ಭಾರತದಲ್ಲಿ ಸ್ಥಾಪಿತವಾದ ಮೊದಲನೆಯ ವನ್ಯಧಾಮವಿದು. ಪಟ್ಟಾಭಿರಾಮನ ದೇವಾಲಯಕ್ಕೆ ಮೆಟ್ಟಿಲೇರುವ ಭಕ್ತರಿಗೂ, ‘ಶೋಲೆ’ ಚಲನಚಿತ್ರದ ಬಂಡೆಗಳನ್ನು ಕಾಣಬಯಸುವ ಪ್ರವಾಸಿಗಳಿಗೂ ಈ ಬೆಟ್ಟ ಪರಿಚಿತ; ಆದರೆ ಇದರ ನಿಜವಾದ ಮಹತ್ವವು ಮೇಲಣ ಕಡಿದಾದ ಬಂಡೆಗಳ ಅಂಚುಗಳಲ್ಲಿ ತಲೆಮಾರುಗಳಿಂದ ಸಂಸಾರ ಹೂಡಿರುವ ಹಕ್ಕಿಗಳಲ್ಲಿದೆ.

ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟೆಂದು ಕರೆಯುವ, ಸುಮಾರು 250 ಕೋಟಿ ವರ್ಷಗಳಷ್ಟು ಪುರಾತನವಾದ ಶಿಲೆಯಿಂದ ಈ ಬೆಟ್ಟವು ರೂಪುಗೊಂಡಿದೆ. ಲಂಬವಾಗಿ ಇಳಿಯುವ ಗೋಡೆಗಳ ನಡುನಡುವೆ ಮನುಷ್ಯನಿಗೂ ಮೃಗಕ್ಕೂ ನಿಲುಕದ ಚಾಚುಗಳಿದ್ದು, ಉದ್ದಕೊಕ್ಕಿನ ರಣಹದ್ದಿಗೆ ಬೇಕಾದುದು ಇಂಥ ನೆಲೆಯೇ. ಅದರ ಬಂಧುವಾದ ಬಿಳಿಬೆನ್ನಿನ ರಣಹದ್ದು ಎತ್ತರದ ಮರಗಳಲ್ಲಿ ಗೂಡು ಕಟ್ಟಿದರೆ, ಇದು ಬಂಡೆಯನ್ನೇ ಆಶ್ರಯಿಸುತ್ತದೆ. ಚಿಕ್ಕದಾದ ಬಿಳಿ ರಣಹದ್ದೂ ಇಲ್ಲಿ ಕಾಣಸಿಗುವುದುಂಟು.

ಉದ್ದಕೊಕ್ಕಿನ ರಣಹದ್ದಿನ ವೀಕ್ಷಣೆಗೆ ತಾಳ್ಮೆಯೇ ಮೊದಲ ಸಾಧನ. ಮೊದಲು ಹಕ್ಕಿಯನ್ನಲ್ಲ, ಬಂಡೆಯನ್ನು ನೋಡಬೇಕು: ಕಪ್ಪು ಗೋಡೆಯ ಮೇಲೆ ಸುಣ್ಣ ಸುರಿದಂತೆ ಇಳಿದಿರುವ ಬಿಳಿಯ ಗೆರೆಗಳು ವರ್ಷಾನುವರ್ಷ ಒಂದೇ ಚಾಚಿನಿಂದ ಬಿದ್ದ ಹಿಕ್ಕೆಯ ಗುರುತುಗಳಾಗಿದ್ದು, ಅವುಗಳ ಮೇಲ್ತುದಿಯಲ್ಲಿ ದೂರದರ್ಶಕವನ್ನು ನಿಲ್ಲಿಸಿದರೆ ಕಂದುಬಣ್ಣದ ದೇಹ, ಬೋಳಾದ ನೀಳ ಕೊರಳು, ಅರೆತೆರೆದ ರೆಕ್ಕೆಗಳನ್ನು ಎಳೆಬಿಸಿಲಿಗೆ ಒಡ್ಡಿ ನಿಶ್ಚಲವಾಗಿ ಕುಳಿತ ಭಂಗಿ ಗೋಚರವಾಗುತ್ತವೆ. ಭಾರವಾದ ಈ ಪಕ್ಷಿಯು ರೆಕ್ಕೆ ಬಡಿದು ಬಹುದೂರ ಸಾಗಲಾರದು. ಆದುದರಿಂದ ಬಿಸಿಲೇರಿ, ಬಂಡೆ ಕಾದು, ಬೆಚ್ಚನೆಯ ಗಾಳಿ ಮೇಲೇಳುವ ತನಕ ಅದು ಕಾದಿದ್ದು, ಬಳಿಕ ಸುತ್ತು ಸುತ್ತುತ್ತ ಏರಿ, ಎರಡು ಮೀಟರಿಗೂ ಮಿಕ್ಕಿದ ರೆಕ್ಕೆಗಳನ್ನು ಅಲುಗಿಸದೆ ತೇಲುತ್ತ ಬಹುದೂರದವರೆಗೆ ಆಹಾರವನ್ನು ಅರಸುತ್ತದೆ. ಸಾಮಾನ್ಯ ಹದ್ದಿನ ಕವಲೊಡೆದ ಬಾಲ ಇದಕ್ಕಿಲ್ಲ; ಬಾಲ ಮೋಟು, ರೆಕ್ಕೆಯ ತುದಿಯ ಗರಿಗಳು ಬಿಡಿಬಿಡಿಯಾದ ಬೆರಳುಗಳಂತಿರುವುವು.

ಚಳಿಗಾಲದಲ್ಲಿ ಮರಿಮಾಡುವ ಈ ಹಕ್ಕಿಯು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಮತ್ತು ಮರಿಯು ಪ್ರೌಢಾವಸ್ಥೆಗೆ ಬರಲು ಸುಮಾರು ಐದು ವರ್ಷ ಹಿಡಿಯುತ್ತದೆ. ಕಾವಿನ ಕಾಲದಲ್ಲಿ ಬಂಡೆ ಹತ್ತುವವರ ಕೂಗಿಗೋ ಪಟಾಕಿಯ ಸದ್ದಿಗೋ ಬೆದರಿ ತಾಯಿಹಕ್ಕಿ ಗೂಡು ಬಿಟ್ಟಿತೆಂದರೆ ಆ ಜೋಡಿಯ ಇಡೀ ವರ್ಷದ ಸಂತಾನವೇ ನಷ್ಟವಾದೀತು. ದೂರದಿಂದ ನೋಡುವವನೇ ಇಲ್ಲಿ ಒಳ್ಳೆಯ ವೀಕ್ಷಕ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕದವರೆಗೂ ಊರಾಚೆ ಬಿಸುಟ ದನದ ಕಳೇಬರದ ಮೇಲೆ ರಣಹದ್ದುಗಳು ಮುತ್ತುವುದು ದೇಶದಾದ್ಯಂತ ಸಾಮಾನ್ಯ ದೃಶ್ಯವಾಗಿತ್ತು. ಭರತಪುರದ ಕೇವಲಾದೇವ ಪಕ್ಷಿಧಾಮದಲ್ಲಿ ಅವು ಕ್ಷೀಣಿಸುತ್ತಿರುವುದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶರು ತೊಂಬತ್ತರ ದಶಕದಲ್ಲಿ ಗುರುತಿಸಿದರು. 1992ರಿಂದ 2007ರ ಅವಧಿಯಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇಕಡ 99.9ರಷ್ಟೂ ಉದ್ದಕೊಕ್ಕಿನವುಗಳಲ್ಲಿ ಸುಮಾರು ಶೇಕಡ 97ರಷ್ಟೂ ನಾಶವಾದುವು. ಕಾರಣವೇನೆಂಬುದು ಪಾಕಿಸ್ತಾನದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಬೆಳಕಿಗೆ ಬಂದಿತು: ದನಗಳ ನೋವು, ಬಾವು, ಜ್ವರಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು, ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಒಡಲು ಸೇರಿ, ಮೂತ್ರಪಿಂಡಗಳನ್ನು ಕೆಡಿಸಿ, ಯೂರಿಕ್ ಆಮ್ಲದ ಬಿಳಿಯ ಹರಳುಗಳು ಒಳಾಂಗಗಳ ಮೇಲೆ ಕಟ್ಟಿಕೊಳ್ಳುವಂತೆ ಮಾಡಿ, ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯುತ್ತದೆ. ನೂರು ಕಳೇಬರಗಳಲ್ಲಿ ಒಂದಕ್ಕಿಂತಲೂ ಕಡಿಮೆ ವಿಷಯುಕ್ತವಾಗಿದ್ದರೂ ಸಾಕು, ಇಷ್ಟು ದೊಡ್ಡ ಕ್ಷಯವು ಸಂಭವಿಸಬಲ್ಲುದೆಂದು ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಏಕೆಂದರೆ ಒಂದೇ ದನದ ಸುತ್ತ ಹತ್ತಾರು ಹಕ್ಕಿಗಳು ಕೂಡುತ್ತವೆ.

2006ರಲ್ಲಿ ಭಾರತ ಸರ್ಕಾರವು ಪಶುಚಿಕಿತ್ಸೆಯಲ್ಲಿ ಡೈಕ್ಲೋಫೆನಾಕನ್ನು ನಿಷೇಧಿಸಿತು. ಮನುಷ್ಯರಿಗಾಗಿ ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹರಿಯುತ್ತಿದ್ದುದರಿಂದ 2015ರಲ್ಲಿ ಅವುಗಳ ಗಾತ್ರವನ್ನು 3 ಮಿಲಿಲೀಟರಿಗೆ ಮಿತಗೊಳಿಸಲಾಯಿತು. 2023ರಲ್ಲಿ ಅಂಥವೇ ಔಷಧಗಳಾದ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳೂ ಪಶುಗಳಿಗೆ ನಿಷಿದ್ಧವಾದುವು. ಹರಿಯಾಣದ ಪಿಂಜೋರಿನಲ್ಲಿ ಹಕ್ಕಿಗಳನ್ನು ಸಾಕಿ ಮರಿಮಾಡಿಸುವ ಕೇಂದ್ರವೂ ನಡೆದಿದೆ. ನೀಲಗಿರಿಯ ಸುತ್ತಣ ಕಾಡುಗಳಲ್ಲಿ ಒಂದೇ ಹಕ್ಕಿಯನ್ನು ಇಬ್ಬರು ಎಣಿಸದಿರಲೆಂದು ತಮಿಳುನಾಡು, ಕರ್ನಾಟಕ, ಕೇರಳಗಳ ಅರಣ್ಯ ಇಲಾಖೆಗಳು ಒಂದೇ ವೇಳೆಗೆ ಗಣತಿ ನಡೆಸುತ್ತವೆ. 2023ರ ಡಿಸೆಂಬರಿನಲ್ಲಿ ಈ ಮೂರು ರಾಜ್ಯಗಳ ಗಣತಿಗೆ ಸಿಕ್ಕ ರಣಹದ್ದುಗಳು 320. ಅವುಗಳಲ್ಲಿ ಬಿಳಿಬೆನ್ನಿನವು 217, ಉದ್ದಕೊಕ್ಕಿನವು 47 ಮಾತ್ರ.

ಬೆಟ್ಟವನ್ನು ಬೇಲಿ ಹಾಕಿ ಕಾಯುವುದರಿಂದ ಗೂಡು ಉಳಿಯುತ್ತದೆ, ಹಕ್ಕಿ ಉಳಿಯುವುದಿಲ್ಲ. ಅದರ ಅನ್ನವಿರುವುದು ಬಯಲಿನ ದನಕರುಗಳಲ್ಲಿ. ಕುಂಟುವ ಎತ್ತಿಗೆ, ಕೆಚ್ಚಲು ಬಾತ ಎಮ್ಮೆಗೆ ನೋವಿನ ಸೂಜಿ ಹಾಕಿಸದ ಊರು ಇರಲಾರದು. ನೋವಿನಿಂದ ನರಳುವ ಮೂಕಪ್ರಾಣಿಗೆ ಉಪಶಮನ ಕೊಡಿಸುವ ಒಕ್ಕಲಿಗನು ತಪ್ಪಿತಸ್ಥನಲ್ಲ. ಅವನ ಕೈಗೆ ಯಾವ ಸೀಸೆ ಬರುತ್ತದೆಂಬುದೇ ಪ್ರಶ್ನೆ. ನಿಷೇಧದ ಆಜ್ಞೆಯು ದೆಹಲಿಯಲ್ಲಿ ಹೊರಟರೂ ಅದು ಪಾಲನೆಯಾಗಬೇಕಾದುದು ತಾಲ್ಲೂಕು ಪೇಟೆಯ ಔಷಧದಂಗಡಿಯಲ್ಲಿ.

ದನ ಸಾಕುವವರು ಸೂಜಿ ಹಾಕಿಸುವ ಮುನ್ನ ಔಷಧದ ಹೆಸರನ್ನು ಕೇಳಿ ತಿಳಿಯಲಿ. ನೋವುನಿವಾರಕ ಬೇಕಾದಲ್ಲಿ, ರಣಹದ್ದುಗಳಿಗೆ ಅಪಾಯವಿಲ್ಲವೆಂದು ಪರೀಕ್ಷೆಗಳಿಂದ ಸಿದ್ಧವಾಗಿರುವ ಮೆಲಾಕ್ಸಿಕಾಂ ಕೊಡುವಂತೆ ಪಶುವೈದ್ಯರನ್ನು ಕೋರಲಿ. ಬೇರೆ ನೋವಿನ ಔಷಧ ಪಡೆದ ಕೆಲವೇ ದಿನಗಳಲ್ಲಿ ದನ ಸತ್ತರೆ ಅದನ್ನು ಬಯಲಿಗೆ ಎಳೆಯದೆ ಆಳವಾಗಿ ಹೂಳಲಿ.